ಬ್ರೇಕಿನಡಿಯ ಚಪ್ಪಲಿ

ಮಶೀನು ಹಿಂದಕ್ಕೆ ಉರುಳಿದ್ದು ನನ್ನಿಂದ. ಬ್ರೇಕು ಕೆಟ್ಟಿರಲಿಲ್ಲ, ಡ್ರೈವರ್ ಕುಡಿದಿರಲಿಲ್ಲ, ಏರು ಅಂಥ ದೊಡ್ಡದೂ ಅಲ್ಲ. ನಾನು ಕಲಿಸಿದ್ದನ್ನು ಅವನು ಒಂದೂ ಬಿಡದೆ ಮಾಡಿದ, ಅದಕ್ಕೇ ಉರುಳಿತು. ಜನ ಈಗಲೂ ಬೇರೆ ಬೇರೆ ಹೇಳುತ್ತಾರೆ. ಹೇಳಲಿ. ನಡೆದದ್ದು ಇಷ್ಟು.

ನಾನು ಕಲಿತದ್ದು ಮೂರನೆಯ ಇಯತ್ತೆ. ಇದನ್ನು ಬರೆಯುವಾಗ ಮೊಮ್ಮಗಳು ಅಕ್ಷರ ತಿದ್ದಿದ್ದಾಳೆ, ಮಾತು ತಿದ್ದಲು ನಾನು ಬಿಟ್ಟಿಲ್ಲ. ರಸ್ತೆ ಗ್ಯಾಂಗಿನಲ್ಲಿ ಸಲಿಕೆ, ಬುಟ್ಟಿ ಹಿಡಿದೇ ಮುದುಕಿಯಾದೆ. ಕೆಲಸ ಬಿಟ್ಟು ಜನವಾಡದ ಮನೆಯಲ್ಲಿ ಕುಳಿತಿದ್ದವಳನ್ನು ಕರೆಯಲು ಒಂದು ದಿನ ರಸ್ತೆ ಗುತ್ತಿಗೆಯ ಸಾಹೇಬ ಬಂದ. ಸಣ್ಣ ವಯಸ್ಸಿನ ಇಂಜಿನಿಯರು. ಹೊರಸಿನ ಮೇಲೆ ಕೂರಲು ಹೇಳಿದರೂ ಕೂರಲಿಲ್ಲ.

"ಆಯಿ, ಹೊಸ ಮಶೀನ್ ಬಂದದ. ಮೂರು ಮಂದಿ ಡ್ರೈವರ್‌ಗೋಳಿಗೆ ಟ್ರೇನಿಂಗ್ ಕೊಡಬೇಕು. ನೀವು ಒಂದು ತಿಂಗಳು ಬರ್ರಿ" ಅಂದ.

"ನನಗ ಸೈಕಲ್ ಹೊಡಿಯಕ ಬರಂಗಿಲ್ಲ, ಸಾಹೇಬ್ರ."

"ಮಶೀನ್ ಕಲಿಸಕ ಕಂಪನಿಯವ ಬರ್ತಾನ. ನೀವು ರೋಡ್ ಕಲಿಸ್ರಿ."

ಅವನು ಹೇಳಿದ್ದು ಸುಳ್ಳಲ್ಲ. ಬೀದರ್ ಪಟ್ಟಣದ ಸುತ್ತ ಕೆಂಪು ಮಣ್ಣು. ಗಾಲಿಗೆ ಹತ್ತಿದರೂ ನಾಲ್ಕು ಮಾರು ಹೋಗುವುದರೊಳಗೆ ಉದುರಿಬಿಡುತ್ತದೆ. ಪಟ್ಟಣ ಬಿಟ್ಟು ಭಾಲ್ಕಿಯ ಕಡೆಗೋ ಔರಾದಿನ ಕಡೆಗೋ ಇಳಿದರೆ ಕಪ್ಪು ಎರೆ ಮಣ್ಣು, ಹತ್ತಿದರೆ ಬಿಡುವುದಿಲ್ಲ. ಚಳಿಗಾಲದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ನೀರು ಬಿಟ್ಟ ಹೊಲದಿಂದ ಸೀದಾ ಡಾಂಬರಿಗೆ ಹತ್ತುತ್ತವೆ. ಗಾಲಿಯಿಂದ ಮೊಣಕೈಯಷ್ಟು ಉದ್ದದ ಹೆಂಟೆಗಳು ಬೀಳುತ್ತವೆ. ಮುಂಜಾನೆ ಇಬ್ಬನಿ ಬಿದ್ದಿತೆಂದರೆ ಅದು ಎಣ್ಣೆ ಹಚ್ಚಿದ ಕಲ್ಲಾಗುತ್ತದೆ. ಮೋಟರ್ ಸೈಕಲ್ಲಿನವರು ಬೀಳುತ್ತಾರೆ. ಇದು ಸಾಲದೆಂದು ಅದೇ ಹೊತ್ತಿಗೆ ತೊಗರಿ ಬರುತ್ತದೆ. ನಮ್ಮವರಿಗೆ ಕಣ ಅಂದರೆ ಈಗ ಡಾಂಬರು ರೋಡೇ. ಸುತ್ತ ಕಲ್ಲಿಟ್ಟು ತೊಗರಿ ಹರಡುತ್ತಾರೆ. ಹೋಗುವ ಬರುವ ಗಾಡಿಗಳು ತುಳಿದು ಕೊಡುತ್ತವೆ. ತೂರಿ, ಕೂಡಿಸಿ, ರಾಶಿ ಮನೆಗೆ ಒಯ್ಯುತ್ತಾರೆ. ಹೊಟ್ಟನ್ನೂ ಕಲ್ಲುಗಳನ್ನೂ ರೋಡಿಗೇ ಬಿಟ್ಟು ಹೋಗುತ್ತಾರೆ.

ಮಶೀನು ಅಂದರೆ ಒಂದು ಟ್ರ್ಯಾಕ್ಟರು. ಮುಂದೆ ಓರೆಯಾಗಿ ನಿಲ್ಲುವ ಅಗಲದ ಬ್ಲೇಡು, ಹಿಂದೆ ತಿರುಗುವ ದುಂಡನೆಯ ಬ್ರಶ್ಶು. ಕಂಪನಿಯವನು ಎರಡು ದಿನ ಇದ್ದ. ಮೊಬೈಲಿನಲ್ಲಿ ಯಾವುದೋ ದೇಶದ ವಿಡಿಯೊ ತೋರಿಸಿದ. ರಸ್ತೆ ತುಂಬ ಬೆಳ್ಳಗೆ ಹಿಮ ಬಿದ್ದಿತ್ತು, ಇಂಥದೇ ಬ್ಲೇಡು ಅದನ್ನು ಬೆಣ್ಣೆ ತೆಗೆದಂತೆ ಬದಿಗೆ ಸರಿಸುತ್ತ ಹೋಗುತ್ತಿತ್ತು. ಈ ಬ್ಲೇಡು ಹುಟ್ಟಿದ್ದೇ ಹಿಮ ತೆಗೆಯುವುದಕ್ಕಂತೆ.

"ಅಲ್ಲರಿ, ಇಷ್ಟು ಬೆಳ್ಳಗಿನ ಮಣ್ಣು ನಮ್ಮ ರೋಡಿಗೆ ಬಿದ್ರ ಗಂಜಿನವರಿಗೆಲ್ಲ ಸುಣ್ಣದ ಖರ್ಚ್ ಉಳೀತದ" ಅಂದ ಲಾರಿಯವನು.

ಕಲಿಯಲು ಬಂದ ಮೂವರಲ್ಲಿ ಇವನೇ ಹಿರಿಯ. ಬೀದರಿನ ಕಾಳಿನ ಪೇಟೆ ಗಾಂಧಿ ಗಂಜಿನಲ್ಲಿ ಬೇಳೆ ಲಾರಿ ಹೊಡೆದು ಸೊಂಟ ಹಿಡಿಸಿಕೊಂಡವನು. ಎರಡನೆಯವಳು ಖಟಕ ಚಿಂಚೋಳಿಯ ಹೆಣ್ಣುಮಗಳು, ಊರಿನಲ್ಲಿ ಕಸದ ಗಾಡಿ ಓಡಿಸುತ್ತಿದ್ದಳು. ಮೂರನೆಯವನು ಔರಾದಿಗೆ ಈಚೆಯ ಒಂದು ಹಟ್ಟಿಯವನು, ಕುರಿ ಕಾಯುವ ಮನೆಯವನು. ಬೇರೆಯವರ ಟ್ರ್ಯಾಕ್ಟರ್ ಹೊಡೆದು ಲೈಸೆನ್ಸ್ ಮಾಡಿಸಿಕೊಂಡಿದ್ದ. ಈ ಕೆಲಸಕ್ಕೆಂದು ತನ್ನ ಪಾಲಿನ ಕುರಿಗಳನ್ನು ಅಣ್ಣನ ಹಿಂಡಿಗೆ ಬಿಟ್ಟು ಬಂದಿದ್ದ. ಮದುವೆಯಾಗಿ ಎರಡು ಮಕ್ಕಳಾದರೂ ಅಣ್ಣನ ಕೈಕೆಳಗೇ ಇದ್ದವನಿಗೆ ತನ್ನದು ಅಂತ ಇದೊಂದೇ ಕೆಲಸ. ಮಶೀನು ಚಾಲೂ ಮಾಡುವಾಗ ಕುರಿಗೆ ಅಂದಂತೆ ಬಾಯಲ್ಲಿ "ಹುರ್ರ್ಯಾ" ಅನ್ನುತ್ತಿದ್ದ. ಲಾರಿಯವನು ನಕ್ಕು ನಕ್ಕು ಸಾಯುತ್ತಿದ್ದ.

"ಅದಕ್ಕ ಹುಲ್ಲೂ ಹಾಕಿ ನೋಡೋ ತಮ್ಮಾ, ಡೀಸೆಲ್ ಉಳೀತದ."

ಭಾಲ್ಕಿಯ ರಸ್ತೆಯಲ್ಲಿ ಮೊದಲ ಮೂರು ದಿನ ನಾನು ಅವರನ್ನು ಮಶೀನು ಹತ್ತಿಸಲಿಲ್ಲ, ನಡೆಸಿದೆ. ಬರಿಗಾಲಿನಲ್ಲಿ. ಎರೆ ಮಣ್ಣು ಹಸಿ ಇದ್ದಾಗ ಬ್ಲೇಡು ಹಾಕಿದರೆ ಬ್ಲೇಡಿಗೇ ಮೆತ್ತಿಕೊಂಡು ರೋಡಿಗೆಲ್ಲ ಸಾರಿಸಿದ ಹಾಗಾಗುತ್ತದೆ. ಪೂರ್ತಿ ಒಣಗಿದ ಮೇಲೆ ಹಾಕಿದರೆ ಹೆಂಟೆಯ ಜೊತೆ ಡಾಂಬರಿನ ಚಕ್ಕೆಯೂ ಏಳುತ್ತದೆ. ಇವೆರಡರ ನಡುವೆ ಒಂದು ಹೊತ್ತಿದೆ. ಹಿಮ್ಮಡಿಯಿಂದ ಒತ್ತಿದರೆ ಮಣ್ಣು ತಗ್ಗಬೇಕು, ಕಾಲಿಗೆ ಹತ್ತಬಾರದು.

"ರೊಟ್ಟಿ ಹಿಟ್ಟಿನ ಹದ ಅಂತೇಳ್ರಿ ಆಯಿ, ಮುಗೀತು" ಅಂದಳು ಚಿಂಚೋಳಿಯವಳು. ಒಂದೇ ದಿನದಲ್ಲಿ ಹಿಡಿದುಬಿಟ್ಟಳು. ಲಾರಿಯವನಿಗೆ ವಾರ ಬೇಕಾಯಿತು. ಜನ್ಮದಲ್ಲಿ ರೊಟ್ಟಿ ತಟ್ಟಿದವನಲ್ಲ, ತಿಂದು ಗೊತ್ತು.

ಸಾಹೇಬನ ಹುಕುಂ ಬೇರೆಯೇ ಇತ್ತು. ಏಳು ಗಂಟೆಯೊಳಗೆ ರೋಡು ಸ್ವಚ್ಛ ಆಗಬೇಕು ಅಂತ. ಏಳಕ್ಕೆ ಮಣ್ಣು ಇನ್ನೂ ಕೆಸರು. ಎರಡು ದಿನ ಅವನು ಹೇಳಿದ ಹಾಗೆ ಮಾಡಿ ತೋರಿಸಿದೆವು. ಎರಡನೆಯ ದಿನ ಅವನ ಬೈಕೇ ನಾವು ಸಾರಿಸಿದ ರೋಡಿನ ಮೇಲೆ ಅಡ್ಡ ಬಿತ್ತು. ಪ್ಯಾಂಟು ಜಾಡಿಸಿಕೊಳ್ಳುತ್ತ ಎದ್ದು, "ಒಂಬತ್ತಕ್ಕ ಚಾಲೂ ಮಾಡ್ರಿ ಆಯಿ" ಅಂದ. ಮುಂಜಾನೆ ಹೆಂಟೆ ಬಿದ್ದ ಜಾಗಕ್ಕೆ ಕೆಂಪು ಬಟ್ಟೆ ಕಟ್ಟಿದ ಕೋಲು ನಿಲ್ಲಿಸುವುದು, ಹದ ಬಂದ ಮೇಲೆ ಬ್ಲೇಡು ಹಾಕುವುದು, ಹೀಗೆ ರೂಢಿ ಮಾಡಿದೆವು.

ಎರಡನೆಯ ವಾರ ಔರಾದಿನ ರಸ್ತೆಗೆ ಬಂದೆವು. ಅಲ್ಲಿ ಮಣ್ಣಿಗಿಂತ ತೊಗರಿ ಜಾಸ್ತಿ. ಮೊದಲ ದಿನವೇ ಲಾರಿಯವನು ಒಂದು ರಾಶಿಯ ಹತ್ತಿರ ಹಾರನ್ ಹೊಡೆದ. ಯಾರೂ ಏಳದ್ದಕ್ಕೆ ಬ್ಲೇಡಿನ ಮೂಲೆಯನ್ನು ರಾಶಿಯ ಅಂಚಿಗೆ ತಾಗಿಸಿ, ಚಪ್ಪಲಿ ಕಾಲಿನಲ್ಲೇ ಇಳಿದು ಕೂಗಾಡಿದ. ಐದಾರು ಹೆಣ್ಣುಮಕ್ಕಳು ಮೊರ ಹಿಡಿದುಕೊಂಡೇ ಬಂದು ಮಶೀನಿನ ಮುಂದೆ ಕುಳಿತರು.

"ಚಪ್ಪಲ್ ಹಾಕ್ಕೊಂಡು ಕಣಕ್ಕ ಬಂದಿ, ಬಾಯಿ ಬ್ಯಾರೆ ಮಾಡ್ತಿ? ಹೊಡಿ, ನಮ್ಮ ಮ್ಯಾಲೇ ಹೊಡಿ!"

ಅರ್ಧ ದಿನ ಹೋಯಿತು. ರಾಶಿಯ ತುದಿಗೆ ಸಗಣಿ ಉಂಡೆ ಇಟ್ಟು, ಅದಕ್ಕೆ ಗರಿಕೆ ಸಿಗಿಸಿ, ಕೈ ಮುಗಿದಿರುತ್ತಾರೆ. ಅದು ರೋಡಿನ ಮೇಲಿದ್ದರೂ ಅವರಿಗೆ ಕಣವೇ. ಕಣಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ. ಜೋರಾಗಿ ಮಾತಾಡುವುದಿಲ್ಲ. ಅವತ್ತು ಸಂಜೆ ನಾನು ಮೂವರನ್ನೂ ಕೂರಿಸಿಕೊಂಡು ಕಾಯಿದೆ ಮಾಡಿದೆ.

"ರಾಶಿ ಕಂಡ್ರ ಹಾರನ್ ಬಂದ್. ಬ್ಲೇಡ್ ಎತ್ತಿ ನಿಲ್ಲಿಸ್ರಿ, ಕಾಳಿಗೆ ತಾಕಬಾರದು. ಚಪ್ಪಲ್ ಮಶೀನಿನ ಮ್ಯಾಲೇ ಬಿಡ್ರಿ, ಬರಿಗಾಲಿಲೆ ಇಳೀರಿ. ಯವ್ವಾ, ಜರಾ ಬದಿಗಿ ಮಾಡ್ಕೋತೀರೇನು, ನಾವೂ ಕೈ ಹಚ್ತೇವಿ ಅನ್ರಿ. ಯಾವಾಕಿನೂ ಇಲ್ಲ ಅನ್ನಂಗಿಲ್ಲ."

ಕಂಪನಿಯವನು, ನಿಂತಾಗ ಬ್ಲೇಡು ನೆಲಕ್ಕೆ ಇಳಿಸಿರಿ ಅಂತ ಹೇಳಿ ಹೋಗಿದ್ದ. ಅದು ನನ್ನ ತಲೆಯಲ್ಲಿ ಉಳಿದಿರಲಿಲ್ಲ. ನಾನು ಬದುಕೆಲ್ಲ ಹಿಡಿದದ್ದು ಸಲಿಕೆ. ಸಲಿಕೆಯನ್ನು ಎಲ್ಲಿ ಬಿಟ್ಟರೆ ಅಲ್ಲೇ ಇರುತ್ತದೆ.

ಕಾಯಿದೆ ಕೆಲಸ ಮಾಡಿತು. ಎಲ್ಲರಿಗಿಂತ ಚೆನ್ನಾಗಿ ಮಾಡಿದವನು ಹಟ್ಟಿಯವನು. ಇಳಿದು, ರಾಶಿಗೆ ಬಗ್ಗಿ, ಮೊರ ಕೇಳಿ ಇಸಿದುಕೊಂಡು ತಾನೇ ಕಾಳು ಎತ್ತುತ್ತಿದ್ದ. ಹೆಣ್ಣುಮಕ್ಕಳು ಅವನಿಗೆ ರೊಟ್ಟಿ ಕೊಟ್ಟು ಕಳಿಸುತ್ತಿದ್ದರು. ಕಲ್ಲುಗಳನ್ನೂ ಅವನೇ ಆರಿಸಿ ಬದಿಗೆ ಇಡುತ್ತಿದ್ದ. ಒಂದು ಕಲ್ಲು ಉಳಿದರೂ ಬ್ಲೇಡಿನ ಅಂಚು ಮಡಚುತ್ತದೆ. ಹೊಟ್ಟು ಗುಡಿಸುವಾಗ ಗಾಳಿ ಯಾವ ಕಡೆ ಅಂತ ಸೆರಗು ಹಿಡಿದು ನೋಡಬೇಕು ಅಂದಿದ್ದೆ. ಅವನಿಗೆ ಸೆರಗಿಲ್ಲ, ಟವಲ್ ಹಿಡಿಯುತ್ತಿದ್ದ. ತೊಗರಿ ಕಟ್ಟಿಗೆಯ ನಾರು ಬ್ರಶ್ಶಿನ ಅಚ್ಚಿಗೆ ಸುತ್ತಿಕೊಂಡರೆ ಮಶೀನು ಬಂದ್ ಮಾಡಿ ಕುಡುಗೋಲಿನಿಂದ ಕೊಯ್ದು ತೆಗೆಯುತ್ತಿದ್ದ, ಕುರಿಯ ಉಣ್ಣೆ ಕತ್ತರಿಸುವ ಹಾಗೆ, ಗಡಿಬಿಡಿ ಇಲ್ಲದೆ.

ನಾನು ಮುಂದೆ ನಡೆದರೆ ಮಶೀನನ್ನು ನನ್ನ ಮೊಣಕಾಲಿನ ವೇಗಕ್ಕೇ ತರುತ್ತಿದ್ದ. "ಜಲ್ದಿ ಹೊಡಿಯೋ" ಅಂದರೆ, "ಮುದಿ ಕುರಿ ಮುಂದ ಇದ್ರ ಹಿಂಡು ಅದರ ಹೆಜ್ಜಿಗೇ ಬರಬೇಕು ಆಯಿ" ಅನ್ನುತ್ತಿದ್ದ. ನನ್ನನ್ನು ಕುರಿ ಅಂದದ್ದಕ್ಕೆ ಬೈದೆ. ಅವನು ನಕ್ಕ. ಮೂವರೂ ನನ್ನನ್ನು ಮಾಸ್ತರಬಾಯಿ ಅನ್ನುತ್ತಿದ್ದರು. ಮೊದಲು ಚೇಷ್ಟೆಗೆ, ಆಮೇಲೆ ಚೇಷ್ಟೆ ಬಿಟ್ಟು. ಅದು ಕಿವಿಗೆ ಹಿತವಾಗಿತ್ತು. ಇಲ್ಲ ಅನ್ನುವುದಿಲ್ಲ.

ತಿಂಗಳು ಮುಗಿಯಲು ನಾಲ್ಕು ದಿನ ಇತ್ತು. ಸಾಹೇಬ ಕಡೆಯ ದಿನ ಪರೀಕ್ಷೆ ಇಟ್ಟಿದ್ದ. ಪಾಸಾದವರಿಗೆ ಕೆಲಸ ಕಾಯಂ. ಅವತ್ತು ಮಾಂಜ್ರಾ ಹೊಳೆಯ ಸೇತುವೆ ದಾಟಿ ಜನವಾಡದ ಕಡೆಗೆ ಏರು ಹತ್ತುತ್ತಿದ್ದೆವು. ಹಟ್ಟಿಯವನು ಮಶೀನಿನ ಮೇಲೆ. ಹಿಂದಿನಿಂದ ಬರುವ ಗಾಡಿಗಳಿಗೆ ಕೆಂಪು ನಿಶಾನಿ ತೋರಿಸುತ್ತ ನಾನು ಮಶೀನಿನ ಹಿಂದೆ ನಡೆಯುತ್ತಿದ್ದೆ. ಲಾರಿಯವನೂ ಚಿಂಚೋಳಿಯವಳೂ ನನ್ನ ಹಿಂದೆ, ರೋಡಿನ ಬದಿಯಲ್ಲಿ.

ಏರಿನ ನಡುವೆ ಅರ್ಧ ರೋಡಿಗೆ ರಾಶಿ. ಅವನು ಬ್ಲೇಡು ಎತ್ತಿ ನಿಲ್ಲಿಸಿದ. ಕೂತಲ್ಲೇ ಚಪ್ಪಲಿ ಕಳಚಿದ. ಗೇರು ತೆಗೆದು, ಬ್ರೇಕು ತುಳಿದು, ಅದನ್ನು ಕೆಳಗೇ ಹಿಡಿದಿಡುವ ಕೊಂಡಿ ಹಾಕಿ, ಬರಿಗಾಲಿನಲ್ಲಿ ಇಳಿದ. ಇಂಜಿನ್ ಚಾಲೂ ಇತ್ತು. ಅವನು ರಾಶಿಯ ಹತ್ತಿರ ಹೋಗಿ ಬಗ್ಗಿದ್ದು ನನಗೆ ಮಶೀನಿನ ಬದಿಯಿಂದ ಕಂಡಿತು. ಮರುಕ್ಷಣ ಬ್ರಶ್ಶು ನನ್ನ ಕಡೆಗೆ ಬರುತ್ತಿತ್ತು.

ಇಂಜಿನ್ನಿನ ಸದ್ದು ಒಂದಿಷ್ಟೂ ಬದಲಾಗಿರಲಿಲ್ಲ. ಚಿಂಚೋಳಿಯವಳು ನನ್ನ ರಟ್ಟೆ ಹಿಡಿದು ಎಳೆದಳು, ಇಬ್ಬರೂ ಬದಿಯ ತಗ್ಗಿಗೆ ಬಿದ್ದೆವು. ಅವನು ಓಡಿ ಬಂದ. ಬರುವಾಗಲೇ ರಾಶಿಯ ಅಂಚಿನ ಕಲ್ಲೊಂದನ್ನು ಎದೆಗೆ ಒತ್ತಿ ಹಿಡಿದಿದ್ದ, ಅದನ್ನು ತಂದು ಗಾಲಿಯ ಹಿಂದೆ ಒಗೆದ. ಗಾಲಿ ಕಲ್ಲು ಹತ್ತಿತು, ತಡವರಿಸಿತು, ಇಳಿಯಿತು. ಮಶೀನು ಏರಿನ ಕೆಳಗಿದ್ದ ಒಂದು ಸಣ್ಣ ಮೋರಿಯ ಕಟ್ಟೆಗೆ ಬ್ರಶ್ಶು ತಾಗಿಸಿ ನಿಂತಿತು. ಬ್ರಶ್ಶಿನ ಅಚ್ಚು ಬಾಗಿತು. ನನ್ನ ಮೊಣಕೈ ತರಚಿತು. ಅಷ್ಟೇ. ನಾನು ದಿನಾ ಬೈಯುತ್ತಿದ್ದ ಕಲ್ಲು ಅದು. ಅದು ಆ ತಡವರಿಕೆ ಕೊಡದಿದ್ದರೆ ಕಟ್ಟೆ ಒಡೆದು ಮಶೀನು ಹೊಳೆಯ ಕಡೆಗೆ ಇಳಿಯುತ್ತಿತ್ತು.

ಅವನು ರೋಡಿನ ಮೇಲೆ ಕುಳಿತುಬಿಟ್ಟ. ತಲೆ ಮೇಲೆತ್ತಲಿಲ್ಲ. ಲಾರಿಯವನು ಗಾಡಿಗಳನ್ನು ನಿಲ್ಲಿಸಲು ಓಡಿದ. ಚಿಂಚೋಳಿಯವಳು ಚೀರುತ್ತಿದ್ದ ರಾಶಿಯವರನ್ನು ಸಮಾಧಾನ ಮಾಡಲು ಹೋದಳು. ಇಂಜಿನ್ ಇನ್ನೂ ಗುರುಗುಡುತ್ತಿತ್ತು. ಒಂದೊಂದು ಗಾಲಿಗೆ ಎರಡೆರಡು ಕಲ್ಲು ಕೊಟ್ಟು, ಕೀಲಿ ತಿರುವಲು ನಾನೇ ಹತ್ತಿದೆ. ತಿಂಗಳಿಡೀ ಕಲಿಸಿದವಳು ಅದರ ಮೇಲೆ ಹತ್ತಿದ್ದು ಅದೇ ಮೊದಲು.

ಹತ್ತಿದಾಗ ಕಂಡಿತು. ಬ್ರೇಕಿನ ಕೆಳಗೆ ಅವನ ಒಂದು ಚಪ್ಪಲಿ. ದಪ್ಪ ರಬ್ಬರಿನದು. ಕಳಚಿಟ್ಟದ್ದು ಮಶೀನಿನ ನಡುಕಕ್ಕೆ ಜಾರಿ ಅಲ್ಲಿ ಸೇರಿತ್ತು. ಅವನು ತುಳಿದಾಗ ಬ್ರೇಕು ಗಟ್ಟಿಯಾಗಿಯೇ ಹತ್ತಿರಬೇಕು. ಆದರೆ ಅದು ತಳ ಮುಟ್ಟಿರಲಿಲ್ಲ, ಕೊಂಡಿ ಮೊದಲನೆಯ ಹಲ್ಲಿಗಷ್ಟೇ ಸಿಕ್ಕಿತ್ತು. ನಡುಗುವ ಇಂಜಿನ್ ಅದನ್ನು ಬಿಡಿಸಿತು. ಬ್ಲೇಡು ನೆಲಕ್ಕಿದ್ದರೆ ಆಗಲೂ ಉಳಿಯುತ್ತಿತ್ತು. ಅದು ಮೇಲಿತ್ತು, ನನ್ನ ಕಾಯಿದೆಯ ಪ್ರಕಾರ.

ಚಪ್ಪಲ್ ಮಶೀನಿನ ಮ್ಯಾಲೇ ಬಿಡ್ರಿ. ಹೇಳಿದ್ದು ನಾನು.

ಚಪ್ಪಲಿಯನ್ನು ಎಳೆದು ತೆಗೆದೆ. ಉಡಿಯಲ್ಲಿ ಸುತ್ತಿಕೊಂಡೆ. ಯಾರೂ ನೋಡಲಿಲ್ಲ.

ಸಾಹೇಬ ಬಂದ. ಬಾಗಿದ ಅಚ್ಚು ನೋಡಿದ, ನನ್ನ ಮೊಣಕೈ ನೋಡಿದ. ಅವನ ಮುಖ ಬಿಳಿಚಿತ್ತು. "ಬ್ರೇಕ್ ಹಾಕಿದ್ದೇನು?" ಅಂತ ಕೇಳಿದ.

"ಹಾಕಿದ್ದೆ ಅನಕೊಂಡಿದ್ದೆ ರಿ" ಅಂದ ಹಟ್ಟಿಯವನು. "ಬರೋಬರ್ ತುಳಿದಿಲ್ಲ ಕಾಣಸ್ತದ. ತಪ್ಪು ನಂದೇ ರಿ."

"ಆಯಿ ಸತ್ತಿದ್ರ?"

ಅವನು ಟವಲಿನಿಂದ ಮುಖ ಒರೆಸಿಕೊಂಡ.

"ಡ್ರೈವರನ ಬೇಜವಾಬ್ದಾರಿ ಅಂತ ರಿಪೋರ್ಟ್ ಬರಿತೇನಿ. ನಾಳಿಂದ ಬರಬ್ಯಾಡ" ಅಂದ ಸಾಹೇಬ. ಆ ರಿಪೋರ್ಟು ಹೋಯಿತೆಂದರೆ ಅವನಿಗೆ ಇನ್ನು ಯಾರೂ ಮಶೀನು ಕೊಡುವುದಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ನನ್ನ ಬಾಯಿ ಹೊಲಿದ ಹಾಗಿತ್ತು. ಅಂಜಿಕೆ ಅಲ್ಲ. ನಾಚಿಕೆ. ಮಾಸ್ತರಬಾಯಿ ಅನ್ನಿಸಿಕೊಂಡ ಬಾಯಿ ಅದು, ಬಿಡಲಿಲ್ಲ. ಅವನು ಎದ್ದು ಸುತ್ತ ಹುಡುಕಿದ. ಒಂದೇ ಚಪ್ಪಲಿ ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ನನ್ನ ಹತ್ತಿರ ಬಂದ.

"ಅರಿಷಿಣ ಹಚ್ಕೋರಿ ಆಯಿ, ಮೊಣಕೈಗೆ" ಅಂದ. ಔರಾದಿನ ಬಸ್ಸಿಗೆ ಕೈ ಮಾಡಿ ಹತ್ತಿ ಹೋದ.

ಮನೆಗೆ ಬಂದು ರೊಟ್ಟಿ ಮಾಡಿದೆ. ಹಿಟ್ಟಿನ ಹದ ಬರಲಿಲ್ಲ. ಮೊಮ್ಮಗಳು ಉಡಿಯಿಂದ ಬಿದ್ದ ಚಪ್ಪಲಿ ನೋಡಿ, "ಇದು ಯಾರದು?" ಅಂದಳು. "ನಂದು" ಅಂದೆ. "ಗಂಡಸರದು ಅದ, ಒಂದೇ ಅದ" ಅಂದಳು. ಬಾಯಿ ಮುಚ್ಚು ಅಂದೆ. ಅವಳಿಗೆ ಅನ್ನಬೇಕಾದ ಮಾತು ಅದಲ್ಲ.

ಮರುದಿನ ಮುಂಜಾನೆ ಮೊದಲನೆಯ ಬಸ್ಸು ಹಿಡಿದು ಅವನ ಹಟ್ಟಿಯ ಹತ್ತಿರ ಇಳಿದೆ. ಮಂಜಿನಲ್ಲಿ ಕುರಿ ಹೊರಡುತ್ತಿದ್ದವು. ಕೋಲು ಅಣ್ಣನ ಕೈಯಲ್ಲಿತ್ತು, ಅವನು ಹಿಂದೆ ಬರಿಗಾಲಿನಲ್ಲಿ ನಡೆಯುತ್ತಿದ್ದ. ಅವನ ಮುಂದೆ ಚಪ್ಪಲಿ ಇಟ್ಟೆ. ಎಲ್ಲಿ ಸಿಕ್ಕಿತು, ಯಾಕೆ ಮುಚ್ಚಿಟ್ಟೆ, ಎಲ್ಲ ಹೇಳಿದೆ. ಅವನು ಅದನ್ನು ಎತ್ತಿ, ತಿರುಗಿಸಿ ನೋಡಿದ.

"ಹೊಸಾವು ಇದ್ದವು ಆಯಿ" ಅಂದ. "ಕೆಲಸಕ್ಕಂತ ತಗೊಂಡಿದ್ದೆ."

"ಬೈಯೋ ನನಗ."

"ನಿಮಗ ಹ್ಯಾಂಗ ಬೈಲಿ? ಸಲಿಕಿ ಹಿಡಿದವರು ನೀವು, ಬಿಟ್ಟಲ್ಲೇ ಇರ್ತದ ಅದು. ನಾ ಕುರಿ ಕಾಯೋನು. ಬಿಟ್ಟದ್ದು ನಿಲ್ಲಂಗಿಲ್ಲ ಅಂತ ನನಗರೆ ಗೊತ್ತಿರಬೇಕಿತ್ತಲ್ಲ."

ನನಗೆ ಕಣ್ಣೀರು ಬರುವುದಿಲ್ಲ, ಹುಟ್ಟಾ ಹಾಗೆ. ಮೂಗು ಮಾತ್ರ ಸೋರಿತು. ಚಳಿಗೆ ಇರಬೇಕು.

"ಇನ್ನೊಂದೂ ತಗೊಂಡು ಬಾ. ಹಾಕ್ಕೋ, ನಡಿ" ಅಂದೆ.

ಒಂಬತ್ತಕ್ಕೆ ಜನವಾಡದ ಹೊರಗೆ ಮಶೀನು ನಿಲ್ಲಿಸುವ ಜಾಗಕ್ಕೆ ಬಂದೆವು. ಬಾಗಿದ ಬ್ರಶ್ಶು ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಸಾಹೇಬ ಕಾಗದ ಹಿಡಿದು ನಿಂತಿದ್ದ. ಹಟ್ಟಿಯವನ ಕಾಲಿನಿಂದ ಆ ಚಪ್ಪಲಿ ತೆಗೆಸಿ ಸಾಹೇಬನಿಗೆ ತೋರಿಸಿದೆ. ಬ್ರೇಕಿನ ಅಂಚು ಒತ್ತಿದ ಗೆರೆ ರಬ್ಬರಿನ ಮೇಲೆ ಹಾಗೇ ಇತ್ತು.

"ಇದು ಬ್ರೇಕಿನ ಬುಡಕ ಇತ್ತು. ತೆಗೆದು ಮುಚ್ಚಿಟ್ಟೋಳು ನಾ. ಅಲ್ಲಿ ಬಿಡು ಅಂತ ಕಲಿಸಿದೋಳೂ ನಾ. ಬ್ಲೇಡ್ ಎತ್ತು ಅಂದೋಳೂ ನಾ. ರಿಪೋರ್ಟಿನಾಗ ನನ್ನ ಹೆಸರು ಬರೀರಿ, ಸಹಿ ಮಾಡ್ತೇನಿ. ಸಹಿ ಬರ್ತದ ನನಗ."

ಸಾಹೇಬ ಚಪ್ಪಲಿಯನ್ನು ಮಶೀನಿನ ಹತ್ತಿರ ಒಯ್ದು, ಬ್ರೇಕಿನ ಕೆಳಗಿಟ್ಟು, ತಾನೇ ತುಳಿದು, ಕೊಂಡಿ ಹಾಕಿ ನೋಡಿದ. ಎರಡು ಸಲ ನೋಡಿದ. ಇಳಿದು ಬಂದು ಕಾಗದ ಮಡಚಿ ಕಿಸೆಗಿಟ್ಟ.

"ಹೊಸಾದು ಬರಿತೇನಿ. ನಿಮ್ಮ ಹೆಸರು ಇರ್ತದ, ಆಯಿ" ಅಂದ. "ಅವನ ಪರೀಕ್ಷಾ ಎಲ್ಲಾರ ಜೋಡಿ ಆಗ್ತದ. ಇನ್ನ ಮೂರು ದಿನ ಅವ. ಕಲಿಸ್ರಿ, ಈ ಸಲ ಪೂರಾ."

ಲಾರಿಯವನು ಎಲ್ಲಿಂದಲೋ ಖಾಲಿ ಎಣ್ಣೆ ಡಬ್ಬಿ ತಂದ. ನಾನು ಅದರ ಬಾಯಿ ಕೊಯ್ದು, ಅಂಚು ಮಡಚಿ, ಗಾಲಿಯ ಮೇಲಿನ ತಗಡಿಗೆ ಹೊರಗಡೆಯಿಂದ ತಂತಿಯಲ್ಲಿ ಬಿಗಿದೆ. ಆಮೇಲೆ ನಾನು ಮಶೀನು ಹತ್ತಿ ಕುಳಿತೆ. ಹಟ್ಟಿಯವನಿಂದ ಇಂಜಿನ್ ಚಾಲೂ ಮಾಡಿಸಿ, ಅವನನ್ನು ಪಕ್ಕದ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡೆ.

"ಹೇಳು ಮಾಸ್ತರ" ಅಂದೆ.

ಅವನು ಹೇಳಿದ ಹಾಗೆ ಮಾಡಿದೆ. ಬ್ಲೇಡು ನೆಲ ಮುಟ್ಟಿಸಿದೆ. ಗೇರು ತೆಗೆದೆ. ಬ್ರೇಕನ್ನು ತಳದ ತನಕ ತುಳಿದು ಕೊಂಡಿ ಹಾಕಿದೆ. ಕೀಲಿ ತಿರುವಿ ಇಂಜಿನ್ ಬಂದ್ ಮಾಡಿದೆ. ಎಲ್ಲ ಆದ ಮೇಲೆ, ಕಡೆಗೆ, ಚಪ್ಪಲಿ ಕಳಚಿ ಡಬ್ಬಿಯಲ್ಲಿ ಹಾಕಿ ಬರಿಗಾಲಿನಲ್ಲಿ ಇಳಿದೆ.